ಕ್ವಾರ್ಟರ್ ಬಾಟಲಿಯ ಸಮುದ್ರ

ನಮ್ಮ ಬ್ರೂಸ್‌ಪೇಟೆಗೆ ಬಂದರು ಬಂದದ್ದು ಒಂದು ಮಂಗಳವಾರ, ಬೆಳಗಿನ ಐದೂವರೆಗೆ. ಹಾಲಿನವನು ಓಣಿಗೆ ಕಾಲಿಡಲು ನೋಡಿದರೆ ಓಣಿಯೇ ಇರಲಿಲ್ಲ. ನಮ್ಮ ಕಟ್ಟೆಗೂ ಎದುರುಮನೆ ಕಟ್ಟೆಗೂ ನಡುವೆ ಕಂದುಬಣ್ಣದ ಕಬ್ಬಿಣದ ಗೋಡೆಯೊಂದು ಎದ್ದು ನಿಂತಿತ್ತು. ಎದುರುಮನೆಯ ಅಜ್ಜಿ ಕದ ತೆಗೆದವರೇ ಮತ್ತೆ ಹಾಕಿಕೊಂಡು, ಐದು ನಿಮಿಷ ಬಿಟ್ಟು ಇನ್ನೊಮ್ಮೆ ತೆಗೆದು ನೋಡಿದರಂತೆ. ಕನಸಾಗಿದ್ದರೆ ಅಷ್ಟರಲ್ಲಿ ಹೋಗಿರುತ್ತದೆ ಎಂಬ ಲೆಕ್ಕ. ಹೋಗಿರಲಿಲ್ಲ.

ಅದೊಂದು ನಲವತ್ತಡಿ ಕಂಟೇನರ್. ಟ್ರೇಲರ್ ಲಾರಿಯ ಬೆನ್ನೇರಿ, ಎಂಟಡಿ ಅಗಲ ಎಂಟೂವರೆ ಅಡಿ ಎತ್ತರದ ತನ್ನ ಮೈಯನ್ನು ಹನ್ನೊಂದಡಿಯ ನಮ್ಮ ಓಣಿಗೆ ತುರುಕಿಕೊಂಡು, ಮದುವೆ ಊಟ ಮುಗಿಸಿ ಬಸ್ಸಿನ ಕಿಟಕಿಯಿಂದ ಇಳಿಯಲು ಹೋದ ಬೀಗರ ಹಾಗೆ ಅರ್ಧಕ್ಕೇ ಸಿಕ್ಕಿಬಿದ್ದಿತ್ತು. ನೆತ್ತಿಯ ಮೇಲೆ ಕೇಬಲ್ ಟೀವಿಯ ವೈರು, ಯಾರದೋ ಮಾಳಿಗೆಯಿಂದ ಬಿದ್ದ ಹಸಿರು ಸೀರೆ. ಹಿಂದಿನ ಗಾಲಿಯೊಂದು ಚರಂಡಿಯ ಚಪ್ಪಡಿಯನ್ನು ಮುರಿದುಕೊಂಡು ಒಳಗಿಳಿದು ತಂಪಾಗಿ ಕೂತಿತ್ತು.

ಡ್ರೈವರ್ ಇಪ್ಪತ್ತೈದರ ಹುಡುಗ, ತಮಿಳುನಾಡಿನವನು. ಚೆನ್ನೈ ಬಂದರಿನಿಂದ ಯಾವುದೋ ಜೀನ್ಸ್ ಕಾರ್ಖಾನೆಗೆ ಮಾಲು ತಂದಿದ್ದ. ರಾತ್ರಿಯೆಲ್ಲ ಗಾಡಿ ಹೊಡೆದು ಊರಿಗೆ ಬಂದವನಿಗೆ ಫೋನಿನೊಳಗಿನ ಹೆಂಗಸು ‘ಬೆಂಗಳೂರು ರಸ್ತೆಗೆ ತಿರುಗಿ’ ಎಂದಳಂತೆ. ಬೆಂಗಳೂರು ರಸ್ತೆ ಅಂದಮೇಲೆ ಹೆದ್ದಾರಿಯೇ ಇರಬೇಕೆಂದು ಪಾಪ ತಿರುಗಿಬಿಟ್ಟ. ಬಳ್ಳಾರಿಯ ಬೆಂಗಳೂರು ರಸ್ತೆ ಸೀರೆ ಅಂಗಡಿಗೆ ಹೋಗುತ್ತದೆ, ಬಂಗಾರದ ಅಂಗಡಿಗೆ ಹೋಗುತ್ತದೆ, ಒಗ್ಗರಣಿ–ಮಿರ್ಚಿ ಬಂಡಿಗೆ ಹೋಗುತ್ತದೆ. ಬೆಂಗಳೂರಿಗೆ ಹೋಗುವ ಅವಸರ ಅದಕ್ಕಿಲ್ಲ. ಇದು ಆ ಹೆಂಗಸಿಗೆ ಯಾರೂ ಹೇಳಿರಲಿಲ್ಲ.

ಹೆಸರುಗಳ ವಿಷಯದಲ್ಲಿ ನಮ್ಮ ಕಡೆ ಯಾವಾಗಲೂ ಹೀಗೇ. ಬ್ರೂಸ್‌ಪೇಟೆ ಎನ್ನುವಲ್ಲಿ ಬ್ರೂಸ್ ಯಾರು ಎಂದು ಕೇಳಿದರೆ ಮೂರು ಉತ್ತರ ಸಿಗುತ್ತವೆ. 1800ರಲ್ಲಿ ನಿಜಾಮರು ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಇಲ್ಲಿ ಬಂದು ಕೂತ ದೊರೆಗಳಲ್ಲಿ ಒಬ್ಬ ಎಂಬುದು ಹಿರಿಯರ ಉತ್ತರ. ಸಂಗನಕಲ್ಲಿನ ಗುಡ್ಡದಲ್ಲಿ ಶಿಲಾಯುಗದ ಕಲ್ಲುಗೊಡಲಿಗಳನ್ನು ಹುಡುಕಿ ತೆಗೆದ ರಾಬರ್ಟ್ ಬ್ರೂಸ್ ಫೂಟ್ ಎಂಬುದು ಊರಿನ ಮ್ಯೂಸಿಯಮ್ಮಿಗೆ ಒಮ್ಮೆ ಹೋಗಿಬಂದವರ ಉತ್ತರ. ಮ್ಯೂಸಿಯಮ್ಮಿಗೆ ಅವನ ಹೆಸರು ನಿಜ, ಪೇಟೆಗಲ್ಲ. ಮೂರನೆಯದು ನಾವು ಹುಡುಗರಾಗಿದ್ದಾಗ ನಂಬಿದ್ದ ಉತ್ತರ. ಆಗ ಟೂರಿಂಗ್ ಟಾಕೀಸಿನಲ್ಲಿ ಚೀನಾದ ಆ ತೆಳ್ಳನೆಯ ಮನುಷ್ಯ ಒಂದೇ ಒದೆಗೆ ಹತ್ತು ಜನರನ್ನು ಕೆಡವುತ್ತಿದ್ದ. ಅವನ ಹೆಸರಿನ ಠಾಣೆ ನಮ್ಮ ಓಣಿಯ ಹತ್ತಿರವೇ ಇದೆಯಲ್ಲ ಎಂದು ಕೌಲ್ ಬಜಾರಿನ ಹುಡುಗರ ಎದುರು ಎದೆ ಉಬ್ಬಿಸುತ್ತಿದ್ದೆವು.

ಚೀನಾ ನಮ್ಮ ಓಣಿಗೆ ನಿಜವಾಗಿ ಬಂದದ್ದು ಆಮೇಲೆ. ಅದನ್ನು ಹೇಳಬೇಕಾದರೆ ಮಾವನ ಸುದ್ದಿ ಹೇಳಬೇಕು.

ಮಾವ ಎಂದರೆ ಅವ್ವನ ತಮ್ಮ. ಎಪ್ಪತ್ತರ ಹತ್ತಿರ. ಮೂವತ್ತು ವರ್ಷ ಲಾರಿ ಓಡಿಸಿ, ಹತ್ತು ಹನ್ನೆರಡು ವರ್ಷದಿಂದ ನಮ್ಮ ಕಟ್ಟೆಯ ಮೇಲೆ ಕೂತು ಊರಿನ ಟ್ರಾಫಿಕ್ ಓಡಿಸುತ್ತಿದ್ದಾನೆ. ಆವತ್ತು ಲುಂಗಿ ಎತ್ತಿ ಕಟ್ಟಿ, ಹೆಗಲ ಮೇಲೆ ಟವೆಲ್ ಹಾಕಿ ಹೊರಗೆ ಬಂದವನು ಗೋಡೆಯನ್ನು ಮೂತಿಯಿಂದ ಬಾಲದವರೆಗೆ ಒಮ್ಮೆ ನೋಡಿದ. ಹನ್ನೆರಡು ವರ್ಷ ಕಾದಿದ್ದ ಫೋನ್ ಬಂದವರ ಮುಖದ ಹಾಗಾಯಿತು ಅವನ ಮುಖ.

‘‘ಒಳಗೇನೈತಲೇ?’’ ಮದ್ರಾಸಿನ ತಮಿಳಲ್ಲಿ ಕೇಳಿದ. ಹುಡುಗ ಭುಜ ಕುಣಿಸಿದ. ಅವನಿಗೆ ಗೊತ್ತಿಲ್ಲ. ಬಾಗಿಲಿಗೆ ಸೀಲ್ ಬಿದ್ದಿದೆ, ಒಡೆದರೆ ಕೆಲಸ ಹೋಗುತ್ತದೆ. ನಾಲ್ಕು ಅಕ್ಷರ, ಏಳು ಅಂಕಿಯ ಒಂದು ನಂಬರು ಬಾಗಿಲ ಮೇಲಿದೆಯಲ್ಲ, ಅದಷ್ಟೇ ಅವನಿಗೆ ಗೊತ್ತಿರುವುದು.

ಮಾವ ನಮ್ಮ ಕಡೆ ತಿರುಗಿದ. ‘‘ನೋಡ್ರಪ್ಪಾ, ಏನ್ ತಂದೀನಿ ಅನ್ನೋದೇ ಡ್ರೈವರ್‌ಗೆ ಗೊತ್ತಿಲ್ಲ. ನಮ್ ಕಾಲದಾಗ ಅದಿರು ಅಂದ್ರ ಅದಿರು. ಕಣ್ಣಿಗೂ ಕಾಣ್ತಿತ್ತು, ಬಾಯಾಗೂ ಬೀಳ್ತಿತ್ತು.’’

ಓಣಿಯಲ್ಲಿ ಅಷ್ಟರಲ್ಲಿ ಒಳಗಿರುವುದೇನು ಎಂಬ ಚರ್ಚೆ ಎದ್ದಿತ್ತು. ಮೊಬೈಲ್ ಎಂದರು ಒಬ್ಬರು, ಚೀನಾದ ಜಿಪ್ಪು ಗುಂಡಿ ಎಂದರು ಇನ್ನೊಬ್ಬರು. ಹುಡುಗನೊಬ್ಬ ತಗಡಿಗೆ ಕಿವಿಗೊಟ್ಟು ಕೇಳಿದ. ಎದುರುಮನೆ ಅಜ್ಜಿ ಅರಿಶಿನ ಕುಂಕುಮ ತಂದು ಮುಂದಿನ ಗಾಲಿಗೆ ಹಚ್ಚಿದರು. ಬಂದದ್ದು ಏನೇ ಇರಲಿ, ಬಾಗಿಲಿಗೆ ಬಂದದ್ದಕ್ಕೆ ಮರ್ಯಾದೆ ಮಾಡಬೇಕು.

ಟ್ರೇಲರನ್ನು ಹಿಂದಕ್ಕೆ ಹೊಡೆಯುವುದು ಲಾರಿಯನ್ನು ಹೊಡೆದಂತಲ್ಲ. ಮೂತಿಯನ್ನು ಎಡಕ್ಕೆ ತಿರುಗಿಸಿದರೆ ಬಾಲ ಬಲಕ್ಕೆ ಹೋಗುತ್ತದೆ; ಬಲಕ್ಕೆ ತಿರುಗಿಸಿದರೆ ಎಡಕ್ಕೆ. ನಡುವೆ ಒಂದು ಕೀಲು, ಅದಕ್ಕೆ ತನ್ನದೇ ಬುದ್ಧಿ. ಮನೆಯಲ್ಲಿ ಅತ್ತೆ–ಸೊಸೆ ಇಬ್ಬರಿಗೂ ಒಂದೇ ಮಾತು ಹೇಳಬೇಕಾದ ಗಂಡಸರಿಗೆ ಇದರ ಅನುಭವ ಇರುತ್ತದೆ. ಮಾವ ಹಿಂದೆ ನಿಂತು ಟವೆಲ್ ಬೀಸತೊಡಗಿದ. ‘‘ಬರ್ಲಿ... ಬರ್ಲಿ... ಲೆಫ್ಟ್ ಕಟ್ ಮಾಡು... ಪೂರಾ ಮಾಡಬ್ಯಾಡಲೇ... ತಡೀ!’’ ಪ್ರತಿ ‘ತಡೀ’ಗೂ ಓಣಿಯ ಎಲ್ಲರೂ ಒಟ್ಟಿಗೆ ‘ತಡೀ’ ಎಂದರು. ಒಬ್ಬರು ಮೆಟ್ಟಿಲು ಕಲ್ಲು ಕಿತ್ತುಕೊಟ್ಟರು. ಇಬ್ಬರು ಹುಡುಗರು ಮಾಳಿಗೆ ಹತ್ತಿ ಬಿದಿರುಗಳುವಿನಿಂದ ವೈರನ್ನು ಎತ್ತಿ ಹಿಡಿದರು. ದುರ್ಗಮ್ಮನ ಸಿಡಿಬಂಡಿಯನ್ನು ಬಿಟ್ಟರೆ ನಮ್ಮ ಓಣಿಯವರು ಇಷ್ಟೊಂದು ಒಗ್ಗಟ್ಟಿನಿಂದ ಯಾವ ಗಾಡಿಯನ್ನೂ ಸರಿಸಿದ್ದನ್ನು ನಾನು ಕಂಡಿಲ್ಲ. ಇನ್ನೂರು ಹೆಜ್ಜೆ ಹಿಂದೆ ಹೋಗಲು ಎರಡೂ ಮುಕ್ಕಾಲು ಗಂಟೆ ಹಿಡಿಯಿತು.

ಲಾರಿ ಹೋದ ಮೇಲೆ ಓಣಿ ಒಂಥರಾ ಬರಿದಾಯಿತು. ಸೀರೆ ಮಾತ್ರ ಅದರ ನೆತ್ತಿಯ ಮೇಲೇ ಹೋಗಿತ್ತು. ಈಗ ಯಾವ ಬಂದರಿನಲ್ಲಿದೆಯೋ.

ಸಮುದ್ರಕ್ಕೂ ನಮಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಬಳ್ಳಾರಿಯಿಂದ ಯಾವ ದಿಕ್ಕಿಗೆ ಹೊರಟರೂ ಮುನ್ನೂರು ಕಿಲೋಮೀಟರ್ ದಾಟದೆ ಸಮುದ್ರ ಸಿಗುವುದಿಲ್ಲ. ಹೊಸಪೇಟೆಯ ಡ್ಯಾಮಿನ ಹಿನ್ನೀರನ್ನು ತೋರಿಸಿ ‘ಇದೇ ಸಮುದ್ರ’ ಎಂದು ಅಪ್ಪ ಹೇಳಿದ್ದನ್ನು ನಾನು ಏಳನೇ ಕ್ಲಾಸಿನವರೆಗೆ ನಂಬಿದ್ದೆ. ಆದರೆ ಊರಿನ ಕಣ್ಣು ಮಾತ್ರ ಸದಾ ಬಂದರಿನ ಮೇಲೆ. 1880ರ ದಶಕದ ಕೊನೆಗೇ ಮೀಟರ್‌ಗೇಜ್ ಹಳಿ ಗುಂತಕಲ್ಲಿನಿಂದ ಬಳ್ಳಾರಿ, ಹೊಸಪೇಟೆ, ಗದಗ, ಹುಬ್ಬಳ್ಳಿ ಹಾದು ಗೋವೆಯ ಮರ್ಮಗೋವಾವನ್ನು ಮುಟ್ಟಿತ್ತು. ಈಗಲೂ ‘ವಾಸ್ಕೋ’ ಎಂಬ ಬೋರ್ಡು ಹೊತ್ತ ರೈಲು ನಮ್ಮ ಸ್ಟೇಷನ್ನಿನಲ್ಲಿ ನಿಂತು ಹೋಗುತ್ತದೆ. ಅಪ್ಪ ಹತ್ತಿ ಮಂಡಿಯಲ್ಲಿ ಗುಮಾಸ್ತ. ಬೇಲುಗಳ ಮೇಲೆ ತಗಡಿನ ಅಚ್ಚಿಟ್ಟು ಕಪ್ಪು ಮಸಿಯಲ್ಲಿ ನಂಬರು ಹಾಕುವುದು ಅವನ ಕೆಲಸ. ಹಮಾಲರು ಕೊಕ್ಕೆ ಹಾಕಿ ಬೇಲನ್ನು ಬೆನ್ನಿಗೆ ಎಳೆದುಕೊಳ್ಳುತ್ತಿದ್ದರು. ಒಂದು ಲಾರಿ ತುಂಬಲು ಅರ್ಧ ದಿನ, ಇಳಿಸಲು ಅರ್ಧ ದಿನ. ನಡುವೆ ಬೀಡಿ, ಚಹಾ, ಜಗಳ.

ಈ ಕಂಟೇನರ್ ಎಂಬ ಪೆಟ್ಟಿಗೆ ಹುಟ್ಟಿದ್ದೂ ಹತ್ತಿ ಬೇಲಿನ ಸಿಟ್ಟಿನಿಂದಲೇ ಎಂದು ಒಂದು ಕಥೆಯಿದೆ. ಅಮೆರಿಕದಲ್ಲಿ ಮಾಲ್ಕಮ್ ಮೆಕ್ಲೀನ್ ಎಂಬ ಲಾರಿಯವನು 1937ರಲ್ಲಿ ಹತ್ತಿ ಬೇಲು ಹೇರಿಕೊಂಡು ಬಂದರಿಗೆ ಹೋದನಂತೆ. ಹಮಾಲರು ಒಂದೊಂದೇ ಬೇಲು ಇಳಿಸಿ ಹಡಗಿಗೆ ಹತ್ತಿಸುವುದನ್ನು ನೋಡುತ್ತ ದಿನವಿಡೀ ಕೂತವನಿಗೆ, ಲಾರಿಯ ಡಬ್ಬಿಯನ್ನೇ ಎತ್ತಿ ಹಡಗಿನಲ್ಲಿಟ್ಟರೆ ಹೇಗೆ ಅನ್ನಿಸಿತಂತೆ. ಅನ್ನಿಸಿದ್ದನ್ನು ಮಾಡಲು ಅವನಿಗೆ ಹತ್ತೊಂಬತ್ತು ವರ್ಷ ಹಿಡಿಯಿತು. 1956ರ ಏಪ್ರಿಲ್ 26ರಂದು ‘ಐಡಿಯಲ್ ಎಕ್ಸ್’ ಎಂಬ ಹಡಗು 58 ಪೆಟ್ಟಿಗೆ ಹೊತ್ತು ನ್ಯೂವಾರ್ಕ್‌ನಿಂದ ಹ್ಯೂಸ್ಟನ್ನಿಗೆ ಹೊರಟಿತು. ನಮ್ಮ ಮಾವನೂ ಬಂದರಿನ ಬಾಗಿಲಲ್ಲಿ ಕಾದದ್ದುಂಟು, ಮೆಕ್ಲೀನನಿಗಿಂತ ಹೆಚ್ಚೇ ಕಾದಿದ್ದಾನೆ. ಅವನಿಗೆ ಹೊಳೆದದ್ದು, ಲಾರಿಯ ಕೆಳಗೆ ತಾಡಪತ್ರಿ ಹಾಸಿ ಮಲಗಿದರೆ ಸೊಳ್ಳೆ ಕಮ್ಮಿ ಎಂಬುದು.

ಮಾವ ಕಾದದ್ದು ಅದಿರಿಗಾಗಿ. ಬೀಜಿಂಗಿನಲ್ಲಿ 2008ರ ಒಲಿಂಪಿಕ್ಸ್ ನಡೆಯಬೇಕಾದರೆ ಸಂಡೂರಿನ ಗುಡ್ಡ ಕರಗಬೇಕಿತ್ತು. ಆ ವರ್ಷಗಳಲ್ಲಿ ಬಳ್ಳಾರಿಯಲ್ಲಿ ಲಾರಿ ಇಲ್ಲದವನು ಮನುಷ್ಯನೇ ಅಲ್ಲ. ಮೇಷ್ಟ್ರು ಸಾಲ ಮಾಡಿ ಲಾರಿ ತಂದರು, ಕಿರಾಣಿಯವರು ತಂದರು. ಹೆಣ್ಣು ನೋಡಲು ಹೋದರೆ ‘ಎಷ್ಟು ಗಾಡಿ ಅದಾವ?’ ಎಂದು ಕೇಳುತ್ತಿದ್ದರು. ಬೇರೆಯವರ ಗಾಡಿ ಓಡಿಸುತ್ತಿದ್ದ ಮಾವನೂ ಅವ್ವನ ಸರ ಅಡವಿಟ್ಟು ಹತ್ತು ಗಾಲಿಯದೊಂದನ್ನು ತಂದ. ಹಸಿಮೆಣಸಿನಕಾಯಿ, ನಿಂಬೆಹಣ್ಣು ಕಟ್ಟಿ, ಮುಂದೆ ‘ಅವ್ವನ ಆಶೀರ್ವಾದ’ ಎಂದು ಬರೆಸಿದ. ಹಿಂದೆ ಫೈನಾನ್ಸಿನವರ ಹೆಸರು ಅದಕ್ಕಿಂತ ದಪ್ಪ ಅಕ್ಷರದಲ್ಲಿತ್ತು.

ಸಂಡೂರಿನಲ್ಲಿ ತುಂಬಿಸಿ, ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲ್ ಘಾಟಿ ಇಳಿದು, ಅಂಕೋಲೆಯ ಆಚೆ ಬೇಲೆಕೇರಿ. ಲಾರಿಯ ಹಿಂದೆ ಲಾರಿ, ಅದರ ಹಿಂದೆ ಲಾರಿ. ಹೊಸಪೇಟೆ ರಸ್ತೆಯಲ್ಲಿ ಎಮ್ಮೆಗಳೂ ಕೆಂಪಗಿದ್ದವು. ಒಗೆದು ಹಾಕಿದ ಪಂಚೆ ಸಂಜೆಗೆ ಸನ್ಯಾಸಿಯದಾಗುತ್ತಿತ್ತು. ನಾವು ಕೆಮ್ಮಿದರೆ ಫೆರಸ್ಸು ಎಷ್ಟು ಪರ್ಸೆಂಟ್ ಎಂದು ಪಕ್ಕದವರು ತಮಾಷೆ ಮಾಡುತ್ತಿದ್ದರು. 2010ರಲ್ಲಿ ಬೇಲೆಕೇರಿಯಲ್ಲಿ ಲಕ್ಷಗಟ್ಟಲೆ ಟನ್ ಅಕ್ರಮ ಅದಿರನ್ನು ಜಪ್ತಿ ಮಾಡಿದರು. ಜಪ್ತಿಯಾದ ಅದಿರೂ ಆಮೇಲೆ ಕಾಣೆಯಾಯಿತು. ನಮಗೆ ಆಶ್ಚರ್ಯವಾದದ್ದು ಅಲ್ಲೇ. ನಮ್ಮ ಮನೆಯಲ್ಲಿ ದಿನಕ್ಕೆ ಮೂರು ಸಲ ಒರೆಸಿದರೂ ಹೋಗದ ಧೂಳು, ಅಲ್ಲಿ ಪೊಲೀಸರ ಕಣ್ಣೆದುರು ಗುಡ್ಡಗುಡ್ಡವೇ ಹೋಯಿತೆಂದರೆ! ಅದೇ ವರ್ಷ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತು ನಿಲ್ಲಿಸಿತು. ಮರುವರ್ಷ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು, ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಳನ್ನೇ ನಿಲ್ಲಿಸಿತು. ಎಮ್ಮೆಗಳು ಮತ್ತೆ ಕಪ್ಪಗಾದವು. ಫೈನಾನ್ಸಿನವರು ಬಂದು ‘ಅವ್ವನ ಆಶೀರ್ವಾದ’ವನ್ನು ತೆಗೆದುಕೊಂಡು ಹೋದರು. ಅವ್ವನ ಸರದ ಸುದ್ದಿ ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಆ ದಿನಗಳಲ್ಲೇ ಒಮ್ಮೆ ಅವ್ವ ತಮ್ಮನಿಗೆ ಹೇಳಿದ್ದಳು: ‘‘ವಾರಕ್ಕೊಂದ್ಸಲ ಸಮುದ್ರಕ್ಕ ಹೋಗ್ತಿ. ನನಗೊಂದು ಬಾಟ್ಲಿ ನೀರರ ತಂದು ಕೊಡೋ. ಸಮುದ್ರಸ್ನಾನ ಅಂತೂ ಈ ಜನ್ಮದಾಗ ಆಗಂಗಿಲ್ಲ.’’ ಮುಂದಿನ ಟ್ರಿಪ್ಪಿನಿಂದ ಮಾವ ಒಂದು ಕ್ವಾರ್ಟರ್ ಬಾಟಲಿಯಲ್ಲಿ ನೀರು ತಂದ. ಬಾಟಲಿಯ ಚೀಟಿಯನ್ನು ಕೆರೆದು ತೆಗೆದಿದ್ದರೂ, ದೇವರ ಮಾಡದಲ್ಲಿ ಗಂಗೆಯ ತಂಬಿಗೆಯ ಪಕ್ಕ ಅದು ಕೂತಾಗ ನಮಗೆಲ್ಲ ನಗು. ಅವ್ವ ನಗಲಿಲ್ಲ. ಬೆರಳದ್ದಿ ನಾಲಿಗೆಗೆ ಹಚ್ಚಿ, ಕಣ್ಣು ಮುಚ್ಚಿ ‘‘ಏನು ಉಪ್ಪಪ್ಪಾ’’ ಎಂದಳು. ಅಲ್ಲಿಂದ ಪ್ರತಿ ಅಮಾವಾಸ್ಯೆ ಬಚ್ಚಲ ಹಂಡೆಗೆ ಆ ಬಾಟಲಿಯಿಂದ ಮೂರು ಹನಿ. ನಮ್ಮ ಮನೆ ಮಂದಿಯೆಲ್ಲ ವರ್ಷಗಟ್ಟಲೆ ಬ್ರೂಸ್‌ಪೇಟೆಯಲ್ಲೇ ನಿಂತು ಸಮುದ್ರಸ್ನಾನ ಮಾಡಿದ್ದೇವೆ. ನನ್ನ ಹೆಂಡತಿ ಮದುವೆಯಾಗಿ ಬಂದ ಮೊದಲ ಅಮಾವಾಸ್ಯೆ ಅವಳ ತಲೆಯ ಮೇಲೂ ಬಿತ್ತು.

ಕಂಟೇನರ್ ಹೋದ ಆ ಬೆಳಗ್ಗೆ ನಾನೂ ಮಾವನೂ ಚಹಾ ಕುಡಿಯುತ್ತ ಕೂತಿದ್ದೆವು. ಅವನ ಮುಖದ ಮೇಲೆ ಗೆಲುವಿತ್ತು, ಬೆವರಿತ್ತು. ಮಾತು ಬಂದರಿನ ಕಡೆ ತಿರುಗಿತು. ಬೇಲೆಕೇರಿ ಸಮುದ್ರ ಹೆಂಗೈತಿ ಮಾವ ಎಂದೆ. ಮಾವ ಲೋಟ ಕೆಳಗಿಟ್ಟ.

‘‘ಯಾರು ನೋಡ್ಯಾರ?’’

ಅವನು ಹೇಳಿದ್ದು ಇಷ್ಟು. ಗಾಡಿ ಘಾಟಿ ಇಳಿಯುವುದು ಕತ್ತಲೆಗೆ. ಆಮೇಲೆ ಸಾಲಿನಲ್ಲಿ ನಿಲ್ಲಬೇಕು. ಒಂದು ದಿನ, ಎರಡು ದಿನ. ಸಾಲು ಬಿಟ್ಟು ಹೋದರೆ ಜಾಗ ಹೋಯಿತು. ನಂಬರು ಬಂದಾಗ ವೇಬ್ರಿಡ್ಜ್, ಆಮೇಲೆ ಪ್ಲಾಟು. ಪ್ಲಾಟಿನಲ್ಲಿ ಸುರಿದು, ಚೀಟಿ ಹಾಕಿಸಿ, ತಿರುಗಬೇಕು. ಅಲ್ಲಿಂದ ಮುಂದೆ ಹಡಗಿಗೆ ಒಯ್ಯುವವರು ಬೇರೆ, ಅವರ ಗಾಡಿ ಬೇರೆ. ಎಡಗಡೆಯಿಂದ ಉಪ್ಪಿನ ಗಾಳಿ ಬೀಸುತ್ತಿತ್ತು, ಅಷ್ಟೇ ಸಮುದ್ರ. ‘‘ಬಂದರಿನವ್ರು ಹೇಳಿದ್ರು, ಬಂದರು ದೊಡ್ಡದು ಮಾಡ್ತೀವಿ, ಆಮ್ಯಾಲೆ ಸಾಲು ಇರಂಗಿಲ್ಲ ಅಂತ. ದೊಡ್ಡದು ಮಾಡಿದ್ರು. ಪ್ಲಾಟು ಇನ್ನೂ ಹಿಂದಕ ಬಂತು. ಸಮುದ್ರ ಇನ್ನೂ ದೂರ ಹೋತು.’’

‘‘ಮತ್ತ ಅವ್ವಗ ತಂದ ನೀರು?’’

ಮಾವ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. ‘‘ಯಲ್ಲಾಪುರದ ಹೋಟ್ಲಿಂದು. ನಲ್ಲಿ ನೀರು. ಒಂದು ಹಿಡಿ ಕಲ್ಲುಪ್ಪು ಹಾಕಿದ್ನೆಪ್ಪ.’’

ನಾನು ಲೆಕ್ಕ ಹಾಕಿದೆ. ಹೆಚ್ಚುಕಮ್ಮಿ ಇನ್ನೂರು ಅಮಾವಾಸ್ಯೆ.

ಅಂದೇ ತೀರ್ಮಾನವಾಯಿತು, ಮಾವನಿಗೆ ಸಮುದ್ರ ತೋರಿಸಬೇಕು ಎಂದು. ಅವ್ವನನ್ನೂ ಕರೆದೆವು. ಮೊಣಕಾಲು ನೋವು, ಎಪ್ಪತ್ತೆಂಟು ವಯಸ್ಸು. ‘‘ನಂದು ಆಗೈತಲ್ಲ, ನೀವು ಹೋಗಿ ಬರ್ರಿ’’ ಎಂದಳು. ಮಾವ ನನ್ನ ಮುಖ ನೋಡಲಿಲ್ಲ.

ದೀಪಾವಳಿ ಮುಗಿದ ಮೇಲೆ ಬಾಡಿಗೆ ಕಾರಿನಲ್ಲಿ ಹೊರಟೆವು. ಈಗ 67 ಎಂಬ ಹೊಸ ನಂಬರು ಪಡೆದಿರುವ ನಮ್ಮ 63ನೇ ನಂಬರಿನ ಹೆದ್ದಾರಿಯ ಬಗ್ಗೆ ಒಂದು ಮಾತು. ಅದರ ಪೂರ್ವದ ತುದಿ ನೆಲ್ಲೂರಿನ ಆಚೆ ಕೃಷ್ಣಪಟ್ಟಣಂ ಬಂದರು. ಪಶ್ಚಿಮಕ್ಕೆ ಹುಬ್ಬಳ್ಳಿಯವರೆಗೆ ಅದನ್ನೇ ಹಿಡಿದು, ಅಲ್ಲಿಂದ ಅಂಕೋಲೆಯ ಹಳೇ ದಾರಿಗೆ ಬಿದ್ದರೆ ಇನ್ನೊಂದು ಸಮುದ್ರ. ಎರಡು ಸಮುದ್ರಗಳ ನಡುವೆ ಹಗ್ಗ ಕಟ್ಟಿ, ನಡುಮಧ್ಯೆ ಒಣಹಾಕಿದ ಅಂಗಿಯ ಹಾಗೆ ನಮ್ಮ ಊರು. ಹೊಸಪೇಟೆಯಿಂದ ಬಳ್ಳಾರಿ ಹಾದು ಆಂಧ್ರದ ಗಡಿಯವರೆಗಿನ ಸುಮಾರು 95 ಕಿಲೋಮೀಟರನ್ನು ನಾಲ್ಕು ಪಥ ಮಾಡುವ ಕೆಲಸವಿದೆಯಲ್ಲ, ನನ್ನ ಮಗಳು ಅಂಗನವಾಡಿಗೆ ಹೋಗುವಾಗ ಅಗೆಯತೊಡಗಿದ್ದರು. ಅವಳು ಎಸ್ಸೆಸ್ಸೆಲ್ಸಿ ಬರೆಯುವಾಗಲೂ ಒಂದಲ್ಲ ಒಂದು ಕಡೆ ‘ಕಾಮಗಾರಿ ಪ್ರಗತಿಯಲ್ಲಿದೆ’ ಎಂಬ ಬೋರ್ಡಿತ್ತು. ಬಿಸಿಲಿಗೆ ಅಕ್ಷರ ಅಳಿಸಿ ಕೊನೆಗೆ ‘ಗತಿಯಲ್ಲಿದೆ’ ಎಂದಷ್ಟೇ ಉಳಿದಿತ್ತು. ಸಿರುಗುಪ್ಪದಲ್ಲಿರುವ ನನ್ನ ತಂಗಿ ಭತ್ತದ ಲಾರಿಗಳ ಹಿಂದೆ 150ಎ ಹೆದ್ದಾರಿಯಲ್ಲಿ ಬರುವಾಗ, ಬಳ್ಳಾರಿಯ ಧೂಳನ್ನು ನೋಡಿ ‘ತವರು ಬಂತು’ ಅನ್ನುತ್ತಿದ್ದಳು.

ಎಂಜಿನಿಯರುಗಳನ್ನು ನಾನು ದೂರುವುದಿಲ್ಲ. ಈ ಊರಿನಲ್ಲಿ ಅವರಿಗೆ ಮೊದಲಿನಿಂದ ಕಷ್ಟ. ಹೈದರಾಲಿಗೆ ಬಳ್ಳಾರಿ ಕೋಟೆ ಕಟ್ಟಿಕೊಟ್ಟ ಫ್ರೆಂಚ್ ಎಂಜಿನಿಯರನ ಕಥೆ ಇಲ್ಲಿ ಮಕ್ಕಳಿಗೂ ಗೊತ್ತು. ಎಲ್ಲ ಮುಗಿದ ಮೇಲೆ ನೋಡಿದರೆ ಪಕ್ಕದ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ! ಹೈದರ್ ಅವನನ್ನು ಕೋಟೆ ಬಾಗಿಲಲ್ಲೇ ಗಲ್ಲಿಗೇರಿಸಿದನಂತೆ. ಪಕ್ಕದಲ್ಲಿ ಇರುವುದನ್ನು ನೋಡದೆ ನಕ್ಷೆ ಬರೆಯುವ ಪದ್ಧತಿ ಆಮೇಲೂ ನಿಂತಿಲ್ಲ. ಗಲ್ಲಿನ ಪದ್ಧತಿ ಮಾತ್ರ ನಿಂತಿದೆ. ಸಂಗನಕಲ್ಲು–ಕುಪಗಲ್ಲಿನ ಹಿರೇಗುಡ್ಡದಲ್ಲಿ ಸಾವಿರಾರು ವರ್ಷ ಹಿಂದೆ ಜನ ಕೂತು ಕಲ್ಲುಗೊಡಲಿ ಮಾಡುತ್ತಿದ್ದರು. ಅಲ್ಲಿ ಬಡಿದರೆ ಗಂಟೆಯಂತೆ ನಾದ ಬರುವ ಬಂಡೆಗಳಿವೆ. ಆ ಗುಡ್ಡದ ಅಂಚನ್ನೂ ಜಲ್ಲಿಗಾಗಿ ಒಡೆದದ್ದುಂಟು. ಯಾವ ರಸ್ತೆಯ ಅಡಿಯಲ್ಲಿ ಆ ನಾದ ಮಲಗಿದೆಯೋ. ಇನ್ನು ಹುಬ್ಬಳ್ಳಿ–ಅಂಕೋಲಾ ರೈಲು. ಅದು 1990ರ ದಶಕದಿಂದ ಕಾಗದದ ಮೇಲೆ ಸರಿಯಾದ ಸಮಯಕ್ಕೆ ಓಡುತ್ತಿದೆ.

ಮಾವ ದಾರಿಯುದ್ದಕ್ಕೂ ಸುಮ್ಮನಿರಲಿಲ್ಲ. ‘‘ಇಲ್ಲಿ ಬೇವಿನ ಮರ ಇತ್ತು, ಅದರ ಕೆಳಗ ಪಂಕ್ಚರ್ ಅಂಗಡಿ. ಇಲ್ಲಿ ಮುದುಕಿ ಚಹಾ. ಇಲ್ಲಿ ಧಾಬಾ, ಮಂಚದ ಮ್ಯಾಲೆ ಊಟ.’’ ತೋರಿಸಿದ ಕಡೆಯೆಲ್ಲ ಡಿವೈಡರು, ಅದರಲ್ಲಿ ಕಣಗಿಲೆ. ‘‘ರಸ್ತೆ ಭಾರೀ ಐತಿ, ಏನೂ ಕಾಣವಲ್ದು’’ ಎಂದ. ಯಲ್ಲಾಪುರದ ಹೋಟೆಲು ಮಾತ್ರ ಇದ್ದಲ್ಲೇ ಇತ್ತು. ಒಳಗೆ ಹೋಗಿ ಆ ನಲ್ಲಿಯಲ್ಲಿ ಕೈತೊಳೆದು ಬಂದ. ನಾನು ಏನೂ ಕೇಳಲಿಲ್ಲ.

ಬೇಲೆಕೇರಿಗೆ ಹೋಗುವ ಮನಸ್ಸು ಅವನಿಗಿರಲಿಲ್ಲ. ಅಂಕೋಲೆಯಿಂದ ನೇರ ಕೇಣಿಗೆ ಇಳಿದೆವು. ಕೇಣಿಯಲ್ಲೂ ಈಗ ಬಂದರಿನ ಮಾತು. 2023ರ ನವೆಂಬರಿನಲ್ಲಿ ಜೆಎಸ್‌ಡಬ್ಲ್ಯು ಇನ್‌ಫ್ರಾಸ್ಟ್ರಕ್ಚರಿಗೆ ಮಂಜೂರಾದ ಹೊಸ ಬಂದರು. 4,119 ಕೋಟಿ ರೂಪಾಯಿ, ವರ್ಷಕ್ಕೆ 3 ಕೋಟಿ ಟನ್ ಸರಕು. ಯಾರಿಗಾಗಿ ಎಂದರೆ, ಬಳ್ಳಾರಿ ಹೊಸಪೇಟೆಯ ಕಡೆಯವರಿಗಾಗಿ. ಅಂದರೆ ನಮಗಾಗಿ! ನಮ್ಮ ಕಡೆಯ ಪೇಪರಿನಲ್ಲಿ ಓದುವಾಗ ‘ಕೊನೆಗೂ ನಮಗೊಂದು ಬಂದರು’ ಎಂದು ನಾನೇ ಹಿಗ್ಗಿದ್ದೆ. ಮೀನುಗಾರರು ವಿರೋಧಿಸಿ ಬೀದಿಗಿಳಿದ ಸುದ್ದಿಯನ್ನೂ ಓದಿದ್ದೆ, ಪುಟ ತಿರುಗಿಸಿದ್ದೆ.

ಸಂಜೆ ನಾಲ್ಕರ ಹೊತ್ತು. ದೋಣಿಗಳು ಮರಳಿನ ಮೇಲೆ ಮಗ್ಗುಲಾಗಿ ಮಲಗಿದ್ದವು. ಮಾವ ಚಪ್ಪಲಿ ಕೈಯಲ್ಲಿ ಹಿಡಿದು, ಪ್ಯಾಂಟು ಮೊಣಕಾಲಿಗೆ ಮಡಚಿ, ಹತ್ತು ಹೆಜ್ಜೆ ದೂರದಲ್ಲೇ ನಿಂತ. ಸಾಲು ಇಲ್ಲ, ಗೇಟಿಲ್ಲ, ಯಾರೂ ಚೀಟಿ ಕೇಳುವುದಿಲ್ಲ ಎಂಬುದನ್ನು ನಂಬಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ನಡೆದ. ಮೊದಲ ತೆರೆ ಪಾದ ಮುಟ್ಟಿ ಹಿಂದೆ ಹೋದಾಗ ಅವನ ಕೈ ತಾನಾಗಿ ಮೇಲೆದ್ದು ಬೀಸಿತು. ‘‘ಬರ್ಲಿ... ಬರ್ಲಿ...’’ ಎಂದ, ಮೆಲ್ಲಗೆ.

ಬಲೆಯ ಮೇಲೆ ಸಣ್ಣ ಮೀನು ಒಣಹಾಕಿದ್ದ ಹೆಂಗಸೊಬ್ಬಳು ನೋಡುತ್ತಿದ್ದಳು. ಇಂಥ ಮುದುಕರನ್ನು ಎಷ್ಟೋ ನೋಡಿದವಳಂತೆ ನಕ್ಕು, ‘‘ಯಾವ ಬದಿಯವ್ರು ನೀವು?’’ ಎಂದಳು.

‘‘ಬಳ್ಳಾರಿ’’ ಎಂದ ಮಾವ, ಹೆಮ್ಮೆಯಿಂದ.

ಅವಳ ನಗು ನಿಂತಿತು. ಕಾಗೆಯನ್ನು ಓಡಿಸುವ ನೆವದಲ್ಲಿ ಆಚೆ ತಿರುಗಿ ಹೇಳಿದಳು: ‘‘ನಿಮ್ಮ ಊರ ಮಣ್ಣು ತರೂಕೇ ಅಲ್ವಾ ಇಲ್ಲಿ ಬಂದರು ಕಟ್ಟೂದು? ನಮ್ಮ ಗ್ರಾಚಾರ.’’

ಮಾವ ಏನೋ ಹೇಳಲು ಹೋದ. ನಾನು ಮಣ್ಣು ತಂದವನಲ್ಲ, ಬರೀ ಗಾಡಿ ಹೊಡೆದವನು ಎಂದಿರಬೇಕು; ಅಥವಾ ಅದರಿಂದ ನನಗೂ ಏನೂ ಉಳಿಯಲಿಲ್ಲ ಎಂದೋ. ಹೇಳಲಿಲ್ಲ. ಒಣಮೀನು ಹೇಗೆ ಕೊಡುತ್ತೀಯವ್ವಾ ಎಂದು ಕೇಳಿ, ಹೇಳಿದಷ್ಟು ಕೊಟ್ಟು, ಚೌಕಾಸಿ ಮಾಡದೆ ಅರ್ಧ ಕೇಜಿ ಕಟ್ಟಿಸಿಕೊಂಡ. ನಮ್ಮ ಮನೆಯಲ್ಲಿ ಯಾರೂ ಮೀನು ತಿನ್ನುವುದಿಲ್ಲ. ಅವಳು ಒಂದು ಹಿಡಿ ಹೆಚ್ಚಿಗೇ ಹಾಕಿದಳು.

ಕಾರಿಗೆ ಹತ್ತುವ ಮುಂಚೆ ಮಾವ ಜೇಬಿನಿಂದ ಒಂದು ಕ್ವಾರ್ಟರ್ ಬಾಟಲಿ ತೆಗೆದ. ಊರಿನಿಂದಲೇ ತೊಳೆದು ತಂದಿದ್ದ. ಮತ್ತೆ ನೀರಿಗಿಳಿದು, ಮೊಣಕಾಲುದ್ದ ಹೋಗಿ, ಒಳ್ಳೆಯ ತೆರೆಗೆ ಕಾದು, ತುಂಬಿಸಿ, ಬಿಸಿಲಿಗೆ ಹಿಡಿದು ನೋಡಿ, ಮರಳಿತ್ತೆಂದು ಚೆಲ್ಲಿ ಇನ್ನೊಮ್ಮೆ ತುಂಬಿಸಿದ. ಮುಚ್ಚಳ ಬಿಗಿದು ದಾರಿಯುದ್ದಕ್ಕೂ ತೊಡೆಯ ಸಂದಿಯಲ್ಲಿ ಇಟ್ಟುಕೊಂಡು ಕೂತ. ಯಲ್ಲಾಪುರದಲ್ಲಿ ಚಹಾಕ್ಕೆ ನಿಲ್ಲಿಸಿದರೂ ಇಳಿಯಲಿಲ್ಲ.

ಮನೆ ಮುಟ್ಟಿದಾಗ ಅವ್ವ ಎದ್ದೇ ಇದ್ದಳು. ಮಾವ ಬಾಟಲಿಯನ್ನು ಎರಡೂ ಕೈಯಲ್ಲಿ ಕೊಟ್ಟ. ಅವ್ವ ಕನ್ನಡಕ ಏರಿಸಿ ನೋಡಿ, ಮುಚ್ಚಳ ತೆಗೆದು, ಬೆರಳದ್ದಿ ನಾಲಿಗೆಗೆ ಹಚ್ಚಿ ಕಣ್ಣು ಮುಚ್ಚಿದಳು. ಬಹಳ ಹೊತ್ತು ಮುಚ್ಚಿಯೇ ಇದ್ದಳು. ನಾನೂ ಮಾವನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

‘‘ಯಾಕೋ’’ ಎಂದಳು, ‘‘ಮೊದಲಿನಷ್ಟು ಚಲೋ ಇಲ್ಲೋ ಇದು.’’